ಸಾಲದ ಗುಟ್ಟು, ನಸುಕಿನ ಪ್ರಾರ್ಥನೆ

ಪ್ರಶ್ನೆ: ನನಗೆ 38 ವರ್ಷ. ಕ್ರೈಸ್ತ ಕುಟುಂಬದಲ್ಲಿ ಬೆಳೆದವಳು. ಚಿಕ್ಕಂದಿನಿಂದ ಪ್ರಾರ್ಥಿಸದೆ ಮಲಗಿದ್ದೇ ಇಲ್ಲ. ಏಳು ತಿಂಗಳ ಹಿಂದೆ ಪತಿ ಕೆಲಸ ಕಳೆದುಕೊಂಡರು. ಒಳ್ಳೆಯ ಮನುಷ್ಯ, ಆದರೆ ಬಹಳ ಕುಗ್ಗಿದ್ದಾರೆ. ಅವರಿಗೆ ಇನ್ನಷ್ಟು ನೋವಾಗಬಾರದೆಂದು ಮನೆಯ ಖರ್ಚಿಗಾಗಿ ಸಹೋದ್ಯೋಗಿಯೊಬ್ಬರಿಂದ ನನ್ನ ಮೂರು ತಿಂಗಳ ಸಂಬಳದಷ್ಟು ಸಾಲ ಪಡೆದಿದ್ದೇನೆ. ಅದನ್ನು ಪತಿಗೆ ಹೇಳಿಲ್ಲ. ‘ಅವರಿಗೆ ಗೊತ್ತಾಗುವ ಮೊದಲೇ ಹಣ ಒದಗಿಸು, ತಂದೆಯೇ’ ಎಂದು ದಿನವೂ ನಸುಕಿನಲ್ಲಿ ಮೊಣಕಾಲೂರುತ್ತೇನೆ. ಈಗೀಗ ಅಲ್ಲಿಯೇ ನಿದ್ದೆ ಹತ್ತುತ್ತದೆ. ರಾತ್ರಿ ಹಾಸಿಗೆಯಲ್ಲಿ ಮಾತ್ರ ಬರುವುದಿಲ್ಲ. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ‘ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ಉತ್ತರ ಬಂದಿಲ್ಲ’ ಎಂದರು. ವೈದ್ಯರನ್ನು ಕಾಣೋಣವೆಂದರೆ ಅದೂ ಅವಿಶ್ವಾಸವಾಗುತ್ತದೆಯೇ ಎಂಬ ಅಳುಕು. ಮೊನ್ನೆ ಪತಿ, ‘ಮುಖವೇಕೆ ಬಾಡಿದೆ?’ ಎಂದು ಕೇಳಿದರು. ತಲೆನೋವು ಎಂದುಬಿಟ್ಟೆ. ನಾನು ಇನ್ನೂ ಹೆಚ್ಚು ಪ್ರಾರ್ಥಿಸಬೇಕೇ?
– ಹೆಸರು ಬೇಡ

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಲದ ಮಾತಲ್ಲ, ‘ತಲೆನೋವು ಎಂದುಬಿಟ್ಟೆ’ ಎಂಬ ಆ ಒಂದು ಸಾಲು. ಏಳು ತಿಂಗಳು ತಮ್ಮ ಸಂಕಟದಲ್ಲೇ ಮುಳುಗಿದ್ದ ಮನುಷ್ಯ ತಲೆಯೆತ್ತಿ ನಿಮ್ಮ ಮುಖವನ್ನು ನೋಡಿದ್ದಾರೆ, ಅದು ಬಾಡಿರುವುದನ್ನು ಗುರುತಿಸಿದ್ದಾರೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಮೊದಲು ನಿಮ್ಮ ಎದೆಯ ಮೇಲಿನ ಒಂದು ಕಲ್ಲನ್ನು ಇಳಿಸಬೇಕು.

ವಿಶ್ವಾಸ ಸಾಲದು ಎಂಬ ಮಾತನ್ನು ಓದಿದಾಗ ನನಗೆ ಸಿಟ್ಟು ಬಂದಿತು. ಹೇಳಿದವರ ಮನಸ್ಸಿನಲ್ಲಿ ಕೆಡುಕಿರಲಿಕ್ಕಿಲ್ಲ. ಆದರೆ ಬಳಲಿದವರ ಹೆಗಲಿಗೆ ಮತ್ತೊಂದು ಮೂಟೆ ಹೊರಿಸುವ ಮಾತದು, ಸತ್ಯವೇದವನ್ನು, ಅಂದರೆ ಬೈಬಲನ್ನು, ಓದಿಕೊಂಡವರು ಆಡಬಾರದ ಮಾತು. ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಯೇಸುವಿನ ಅಪೊಸ್ತಲನಾದ ಪೌಲನು ಮೂರು ಸಲ ದೇವರನ್ನು ಬೇಡಿಕೊಂಡನು. ಅದು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂದಿತು. ಜೊತೆಗಾರ ತ್ರೊಫಿಮನನ್ನು ಕಾಯಿಲೆಯ ಸ್ಥಿತಿಯಲ್ಲೇ ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದುದನ್ನೂ ಅದೇ ಪೌಲನು ಮುಚ್ಚಿಡದೆ ಬರೆದಿದ್ದಾನೆ. ಇವರ ವಿಶ್ವಾಸವನ್ನು ಯಾರು ಅಳೆದಾರು? ಸತ್ಯವೇದದ 150 ಕೀರ್ತನೆಗಳಲ್ಲಿ 88ನೆಯದನ್ನು ಇಂದು ರಾತ್ರಿ ಓದಿ. ಕೊನೆಯ ಸಾಲಿನವರೆಗೂ ಅದರಲ್ಲಿ ಬೆಳಕಿಲ್ಲ, ಕತ್ತಲೆಯ ಮಾತಿನಲ್ಲೇ ಅದು ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ಯಾರೂ ಅದನ್ನು ಕಿತ್ತುಹಾಕಲಿಲ್ಲ.

ವೈದ್ಯರ ವಿಷಯದಲ್ಲಿ ಅಳುಕು ಬೇಡವೇ ಬೇಡ. ಪೌಲನು ‘ಪ್ರಿಯ ವೈದ್ಯ’ ಎಂದು ಕರೆದ ಲೂಕ ಅವನ ಜೊತೆಯಲ್ಲೇ ಇದ್ದನು. ತನ್ನ ಕಿರಿಯ ಜೊತೆಗಾರ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲನು ಕೊಟ್ಟ ಸಲಹೆ ಉಪವಾಸವಲ್ಲ, ಸ್ವಲ್ಪ ದ್ರಾಕ್ಷಾರಸ. ಆ ಕಾಲದ ಮನೆಮದ್ದು. ವಾರಗಟ್ಟಲೆ ನಿದ್ದೆಯಿಲ್ಲದ ದೇಹಕ್ಕೆ ಪರೀಕ್ಷೆ ಬೇಕು. ಈ ವಾರವೇ ಹೋಗಿ. ಮೊಣಕಾಲ ಮೇಲೆ ನಿದ್ದೆ ಹತ್ತಿದ್ದಕ್ಕೆ ನಾಚಿಕೆಯೂ ಬೇಡ. ಸಾವು ಬಂದರೆ ಸಾಕೆಂದು ಜಾಲಿಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಮತ್ತೊಮ್ಮೆ ಎಬ್ಬಿಸಿ ಉಣ್ಣಲು ಹೇಳಿದನು. ದೇವರ ಮಾತು ಅವನ ಕಿವಿಗೆ ಬಿದ್ದದ್ದು ಆಮೇಲೆ. ಕೆಲವು ದಿನ ನಸುಕಿನ ಪ್ರಾರ್ಥನೆಯನ್ನು ಬಿಟ್ಟು ಮಲಗಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ವಾಕ್ಯ ಸಾಕು. ನೀರಿನಲ್ಲಿ ಮುಳುಗುತ್ತಿದ್ದ ಯೇಸುವಿನ ಶಿಷ್ಯ ಪೇತ್ರನ ಪ್ರಾರ್ಥನೆ ‘ಸ್ವಾಮೀ, ನನ್ನನ್ನು ಕಾಪಾಡು’ ಎಂಬಷ್ಟೇ ಇತ್ತು. ಅದಕ್ಕಿಂತ ಉದ್ದದ್ದಕ್ಕೆ ಅವನಿಗೆ ಸಮಯವಿರಲಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಿಮ್ಮ ಪ್ರಾರ್ಥನೆಯಲ್ಲಿ ಎರಡು ಬೇಡಿಕೆಗಳಿವೆ. ಹಣ ಒದಗಲಿ ಎಂಬುದು ಒಂದು. ಇದರಲ್ಲಿ ತಪ್ಪೇನೂ ಇಲ್ಲ. ದಿನದ ಆಹಾರವನ್ನು ಕೇಳಿಕೊಳ್ಳಿರಿ ಎಂದು ಕಲಿಸಿದವನು ಯೇಸುವೇ. ಅವರಿಗೆ ಗೊತ್ತಾಗದಿರಲಿ ಎಂಬುದು ಇನ್ನೊಂದು. ನಿಮ್ಮ ನಿದ್ದೆಯನ್ನು ಕಸಿಯುತ್ತಿರುವುದು ಇದೇ ಎಂದು ನನಗೆ ಅನಿಸುತ್ತದೆ. ಗಂಡನಿಗೆ ಹೇಳಬೇಕಾದ ಮಾತನ್ನು ನೀವು ದಿನವೂ ದೇವರಿಗೆ ಹೇಳುತ್ತಿದ್ದೀರಿ. ದೇವರಿಗೆ ಅದು ಮೊದಲೇ ತಿಳಿದಿದೆ. ತಿಳಿಯದಿರುವುದು ನಿಮ್ಮ ಪಕ್ಕದಲ್ಲಿ ಮಲಗಿರುವವರಿಗೆ. ನೀವು ಕಪಟಿ ಎನ್ನುತ್ತಿಲ್ಲ. ಅವರ ಮೇಲಿನ ಕರುಣೆಯಿಂದಲೇ ಮುಚ್ಚಿಟ್ಟಿರಿ. ಆದರೆ ಆ ಕರುಣೆ ಈಗ ನಿಮ್ಮಿಬ್ಬರ ನಡುವೆ ಗೋಡೆಯಾಗಿ ನಿಂತಿದೆ, ಪ್ರಾರ್ಥನೆ ಆ ಗೋಡೆಯ ಕಾವಲಿಗೆ ನಿಂತಿದೆ.

ನೆಹೆಮೀಯನನ್ನು ನೆನೆಯಿರಿ. ಪಾರಸಿಯ ಅರಸ ಅರ್ತಷಸ್ತನಿಗೆ ಪಾನ ಕೊಡುವ ಸೇವಕ. ತನ್ನ ಪೂರ್ವಜರ ಊರಾದ ಯೆರೂಸಲೇಮಿನ ಗೋಡೆ ಬಿದ್ದುಹೋಗಿದೆ ಎಂಬ ಸುದ್ದಿ ಅವನಿಗೆ ಯೆಹೂದ್ಯರ ಕಿಸ್ಲೇವ್ ಮಾಸದಲ್ಲಿ ಬಂದಿತು. ಅತ್ತನು, ಉಪವಾಸವಿದ್ದನು, ಪ್ರಾರ್ಥಿಸಿದನು. ಅರಸನ ಮುಂದೆ ಮಾತು ಹೊರಬಿದ್ದದ್ದು ನೀಸಾನ್ ಮಾಸದಲ್ಲಿ, ಸುಮಾರು ನಾಲ್ಕು ತಿಂಗಳ ನಂತರ. ಅದೂ ಹೇಗೆ? ಅರಸನೇ, ‘ಕಾಯಿಲೆಯೇನೂ ಇಲ್ಲದಿರುವಾಗ ನಿನ್ನ ಮುಖವೇಕೆ ಸಪ್ಪಗಿದೆ?’ ಎಂದು ಕೇಳಿದನು. ನಿಮ್ಮ ಪತಿ ಕೇಳಿದ್ದೂ ಇದೇ ಪ್ರಶ್ನೆಯಲ್ಲವೇ? ನೆಹೆಮೀಯನಿಗೆ ಬಹಳ ಭಯವಾಯಿತು ಎಂದು ಸತ್ಯವೇದ ಹೇಳುತ್ತದೆ. ಆದರೂ ಅವನು ತಲೆನೋವು ಎನ್ನಲಿಲ್ಲ. ‘ನಿನಗೇನು ಬೇಕು?’ ಎಂದು ಅರಸನು ಕೇಳಿದ್ದಕ್ಕೂ ತಾನು ಉತ್ತರ ಕೊಟ್ಟದ್ದಕ್ಕೂ ನಡುವಿನ ಆ ಕ್ಷಣದಲ್ಲಿ, ನಿಂತ ನಿಲುವಿನಲ್ಲೇ ಒಂದು ಪ್ರಾರ್ಥನೆ ಮಾಡಿ ಬಾಯಿ ತೆರೆದನು. ತೆರೆದಾಗ ಲೆಕ್ಕ ಸಿದ್ಧವಾಗಿತ್ತು: ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಬಾಗಿಲುಗಳಿಗೆ ಮರ ಯಾರಿಂದ ಸಿಗಬೇಕು. ಪ್ರಾರ್ಥಿಸಿದ ಆ ತಿಂಗಳುಗಳಲ್ಲಿ ಅವನು ಲೆಕ್ಕವನ್ನೂ ಹಾಕಿದ್ದಿರಬೇಕು ಎಂದು ನಾನು ನಂಬುತ್ತೇನೆ.

ನೀವೂ ಒಂದು ಕಾಗದ ತೆಗೆದುಕೊಳ್ಳಿ. ಪಡೆದದ್ದೆಷ್ಟು, ಯಾವ ಯಾವ ಖರ್ಚಿಗೆ ಹೋಯಿತು, ತಿಂಗಳಿಗೆ ಎಷ್ಟು ಹಿಂದಿರುಗಿಸಲು ಸಾಧ್ಯ ಎಂಬುದನ್ನು ಬರೆಯಿರಿ, ಒಂದು ಅಂಕಿಯನ್ನೂ ಬಿಡದೆ. ಆ ಸಹೋದ್ಯೋಗಿಯೊಂದಿಗೆ ಮಾತಾಡಿ ಗಡುವಿನ ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಿ. ಬಳಿಕ ಇಬ್ಬರಿಗೂ ಆಯಾಸವಿಲ್ಲದ ಹೊತ್ತು ನೋಡಿ, ‘ಮೊನ್ನೆ ನೀವು ಕೇಳಿದಿರಲ್ಲ, ಅದು ತಲೆನೋವಲ್ಲ’ ಎಂದು ಶುರುಮಾಡಿ. ‘ದೇವರೇ ನನಗೆ ಹೇಳೆಂದ’ ಎಂದು ಮಾತ್ರ ಆರಂಭಿಸಬೇಡಿ. ಹಾಗೆಂದರೆ ಅವರು ಸಿಟ್ಟಾಗಲೂ ಆಗದೆ ಒಳಗೇ ಕುದಿಯುತ್ತಾರೆ. ನಿಮ್ಮ ಭಯವನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ಮೊದಲ ದಿನ ಅವರು ನೊಂದುಕೊಳ್ಳಬಹುದು, ಮಾತು ಬಿಡಬಹುದು. ಬಿಡಲಿ. ಕೆಲಸ ಕಳೆದುಕೊಂಡವರನ್ನು ಹೆಚ್ಚು ಕುಗ್ಗಿಸುವುದು ಕೆಟ್ಟ ಸುದ್ದಿಯಲ್ಲ, ತನ್ನಿಂದ ಈಗ ಯಾರಿಗೂ ಏನೂ ಬೇಕಾಗಿಲ್ಲ ಎಂಬ ಅನಿಸಿಕೆ. ಆ ಕಾಗದವನ್ನು ಅವರ ಕೈಗಿಟ್ಟು ‘ಇದನ್ನು ತೀರಿಸುವ ದಾರಿಯನ್ನು ಇಬ್ಬರೂ ನೋಡೋಣ’ ಎಂದರೆ ಅವರಿಗೊಂದು ಕೆಲಸ ಕೊಟ್ಟಂತೆಯೇ ಆಗುತ್ತದೆ.

ನೀವು ಬರೆಯದೆ ಬಿಟ್ಟಿರಬಹುದಾದ ಒಂದು ಸಂಗತಿಗಾಗಿ ಇದನ್ನೂ ಸೇರಿಸುತ್ತೇನೆ. ಅವರು ಕೈಯೆತ್ತುವರೆಂಬ ಹೆದರಿಕೆ ಇದ್ದರೆ ಒಬ್ಬರೇ ಕೂತು ಹೇಳಬೇಡಿ. ನಂಬಿಕೆಯ ಒಬ್ಬರಿಗೆ ಮೊದಲೇ ವಿಷಯ ತಿಳಿಸಿ, ಅವರು ಜೊತೆಯಲ್ಲಿರುವಾಗ ಮಾತಾಡಿ.

ಪ್ರಾರ್ಥನಾ ಕೂಟದಲ್ಲಿ ಇದನ್ನೆಲ್ಲ ಬಿಚ್ಚಿಡಬೇಕಿಲ್ಲ. ಗುಟ್ಟು ಕಾಯಬಲ್ಲ ಒಬ್ಬ ಗೆಳತಿಯೋ ನಿಮ್ಮ ಸಭಾಪಾಲಕರೋ ಸಾಕು. ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಕೂಡ ಮೂವರು ಶಿಷ್ಯರನ್ನು ಕರೆದುಕೊಂಡು ಹೋಗಿ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಆ ಮೂವರೂ ನಿದ್ದೆಹೋದರು ನಿಜ, ಆದರೆ ಕೇಳಿಕೊಳ್ಳುವುದಕ್ಕೆ ಅವನು ಸಂಕೋಚಪಡಲಿಲ್ಲ.

ಇನ್ನೂ ಹೆಚ್ಚು ಪ್ರಾರ್ಥಿಸಬೇಕೇ ಎಂದು ಕೇಳಿದ್ದೀರಿ. ಹೆಚ್ಚು ಬೇಡ, ಸಹೋದರಿ. ‘ಗೊತ್ತಾಗದಿರಲಿ’ ಎಂಬ ಮಾತನ್ನು ತೆಗೆದು ಆ ಜಾಗದಲ್ಲಿ ‘ಹೇಳುವ ಧೈರ್ಯ ಕೊಡು’ ಎಂದು ಇಡಿ. ಹೇಳಿಯಾದ ಮೇಲೆ ನನಗೆ ಎರಡು ಸಾಲು ಬರೆಯಿರಿ. ಅಲ್ಲಿಯವರೆಗೆ ನನ್ನ ಪ್ರಾರ್ಥನೆಯಲ್ಲಿ ನಿಮ್ಮಿಬ್ಬರಿಗೂ ಜಾಗವಿದೆ.