ಚಡಪಡಿಕೆ ಆಮ್ಲಜನಕಕ್ಕಾಗಿ ಎಂದು ಬರೆದವರಿಗೆ

ನಮಸ್ಕಾರ.

ದೇಹಕ್ಕೆ ಆಮ್ಲಜನಕದ ಏರಿಳಿತ ಹೇಗೆ ಗೊತ್ತಾಗುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಉಸಿರು ಬಿಗಿಹಿಡಿದಾಗ ಆಮ್ಲಜನಕ ಮುಗಿಯುತ್ತದೆ, ಹಾಗಾಗಿ ಎದೆ ಚಡಪಡಿಸುತ್ತದೆ ಎಂದು ಶುರುಮಾಡಿದ್ದೀರಿ. ತಪ್ಪು. ಆ ಚಡಪಡಿಕೆ ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್‌ನದು. ಅದು ಮಿದುಳಿಗೆ ದಾಟಿ ಅಲ್ಲಿ ಆಮ್ಲೀಯತೆ ಹೆಚ್ಚಿಸುತ್ತದೆ. ಮಿದುಳುಕಾಂಡದ ನರಕೋಶಗಳು ಅದನ್ನು ಗ್ರಹಿಸಿ ಉಸಿರಾಟವನ್ನು ಚುರುಕುಗೊಳಿಸುತ್ತವೆ. ಉಸಿರಾಟದ ಮೇಲೆ ಈ ಅನಿಲಕ್ಕಿರುವ ಹಿಡಿತವನ್ನು ಬ್ರಿಟನ್ನಿನ ವಿಜ್ಞಾನಿಗಳಾದ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ತೋರಿಸಿದ್ದರು. ನೀರಿಗೆ ಧುಮುಕುವ ಮುನ್ನ ಜೋರುಜೋರಾಗಿ ಉಸಿರಾಡಿ ಡೈಆಕ್ಸೈಡ್ ಹೊರಹಾಕಿದವರಿಗೆ, ಉಸಿರು ಬೇಕು ಅನ್ನಿಸುವ ಮೊದಲೇ ಆಮ್ಲಜನಕ ಕುಸಿದು ಪ್ರಜ್ಞೆ ತಪ್ಪಬಹುದು. ನಿಮ್ಮ ವಾಕ್ಯ ನಂಬಿದ ಓದುಗರು ಚಡಪಡಿಕೆ ಇಲ್ಲದ್ದನ್ನೇ ಸುರಕ್ಷಿತ ಎಂದುಕೊಳ್ಳುತ್ತಾರೆ. ಜೀವಕ್ಕೆ ಸಂಬಂಧಿಸಿದ ಮಾತು, ಆದ್ದರಿಂದ ನಿಷ್ಠುರವಾಗಿಯೇ ಹೇಳುತ್ತಿದ್ದೇನೆ.

ಇನ್ನು 2019ರ ನೊಬೆಲ್. ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರ ಕೆಲಸಕ್ಕೆ ಎರಡು ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಅವರು ಬಿಡಿಸಿಟ್ಟ, ಆಮ್ಲಜನಕ ಇಳಿದಾಗ ಕೋಶಗಳಲ್ಲಿ ಹೆಚ್ಚುವ ಎಚ್‌ಐಎಫ್ ಪ್ರೋಟೀನು ಜೀನುಗಳ ಮೂಲಕ ಕೆಲಸ ಮಾಡುವಂಥದ್ದು. ಕೆಂಪು ರಕ್ತಕಣ ಹೆಚ್ಚಿಸಲು ಅದಕ್ಕೆ ದಿನಗಳೇ ಬೇಕು. ಸೆಕೆಂಡುಗಳಲ್ಲಿ ಉಸಿರಾಟ ಏರುವುದಕ್ಕೂ ಅದನ್ನೇ ಕಾರಣ ಮಾಡಿದ್ದೀರಿ.

ಆ ತುರ್ತಿನ ಕೆಲಸ ಕ್ಯಾರೋಟಿಡ್ ಬಾಡಿಯದು. ಅದಕ್ಕೆ ನಿಮ್ಮಲ್ಲಿ ಸಿಕ್ಕಿದ್ದು ಒಂದೇ ಸಾಲು! ಕೊರಳಿನ ಎರಡೂ ಬದಿ, ದೊಡ್ಡ ಅಪಧಮನಿ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಅಂಗಾಂಶ. ಆಮ್ಲಜನಕ ಇಳಿದಾಗ ಅದರ ಕೋಶಗಳಲ್ಲಿ ಪೊಟ್ಯಾಸಿಯಂ ಬಾಗಿಲುಗಳು ಮುಚ್ಚುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ರಾಸಾಯನಿಕ ಸಂದೇಶ ಹೊರಬೀಳುತ್ತದೆ, ನರ ಅದನ್ನು ಮಿದುಳುಕಾಂಡಕ್ಕೆ ಮುಟ್ಟಿಸುತ್ತದೆ. ಇಲ್ಲಿ ನಿಧಾನಿಸಿ. ಸೂಕ್ಷ್ಮದರ್ಶಕದಡಿ ಇದರ ನರಗಳನ್ನು ಬೆನ್ನಟ್ಟಿದ ಸ್ಪೇನಿನ ಫರ್ನಾಂಡೊ ದೆ ಕಾಸ್ಟ್ರೊ, ಇದು ರಕ್ತದ ರಾಸಾಯನಿಕ ಬದಲಾವಣೆಯನ್ನು ಅರಿಯುವ ಅಂಗ ಎಂದು 1920ರ ದಶಕದಲ್ಲೇ ಊಹಿಸಿದರು. ಅದನ್ನು ಪ್ರಯೋಗಗಳಿಂದ ಸಾಧಿಸಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ದೆ ಕಾಸ್ಟ್ರೊ ಹೆಸರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನನಗೆ ಬೇಸರವಾದದ್ದು ಅದಕ್ಕೇ. ಆಮ್ಲಜನಕ ಇಳಿದದ್ದು ಆ ಕೋಶಕ್ಕೆ ಮೊಟ್ಟಮೊದಲು ತಿಳಿಯುವುದು ಹೇಗೆ ಎಂಬ ಚರ್ಚೆ ಇನ್ನೂ ನಡೆದಿದೆ. ಇತ್ಯರ್ಥವಾದಂತೆ ಬರೆಯಬೇಡಿ.

ಐದನೇ ಪುಟದಲ್ಲಿ, ಗಂಟಲಿನ ಪಕ್ಕ ಎರಡು ಬೆರಳಿಟ್ಟು ನಾಡಿ ಹುಡುಕುವ ನಾಲ್ಕು ಸಾಲುಗಳಿವೆ. ಓದುತ್ತ ನನ್ನ ಕೈಯೂ ಕೊರಳಿಗೆ ಹೋಯಿತು. ಲೇಖನ ಅಲ್ಲಿಂದ ಶುರುವಾಗಲಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

– ಸಂಪಾದಕ