ಬಂದೂಕಿನೆತ್ತರಕ್ಕೆ ಚರ್ಮ ಪೇರಿಸಿದ ಕತೆ

ಪತ್ರ: ಕೆನಡಾದ ತುಪ್ಪಳ ವ್ಯಾಪಾರದ ಲೇಖನ ಓದಿದೆ. ಬಿಳಿಯರು ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ಅದರೆತ್ತರಕ್ಕೆ ಬೀವರ್ ಎಂಬ ಪ್ರಾಣಿಯ ಚರ್ಮ ಪೇರಿಸಿದ ಮೇಲೆ ಬಂದೂಕು ಕೊಡುತ್ತಿದ್ದರಂತೆ. ಮೂಲನಿವಾಸಿಗಳು ಅಷ್ಟೊಂದು ಮುಗ್ಧರಾಗಿದ್ದರಾ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಕತೆ ತುಂಬಾ ಕಡೆ ಓಡಾಡುತ್ತಿದೆ. ಆದರೆ ನಿಜವಲ್ಲ. ಅಲ್ಲಿ ತುಪ್ಪಳ ಕೊಳ್ಳುತ್ತಿದ್ದ ಇಂಗ್ಲಿಷರ ಹಡ್ಸನ್ಸ್ ಬೇ ಕಂಪನಿಯ ದರಪಟ್ಟಿಗಳು ಉಳಿದುಬಂದಿವೆ. 18ನೇ ಶತಮಾನದಲ್ಲಿ ಒಂದು ಬಂದೂಕಿಗೆ, ಅದರ ಉದ್ದ ನೋಡಿಕೊಂಡು, ಸುಮಾರು 10ರಿಂದ 12 ಚರ್ಮ. ಅಷ್ಟನ್ನು ಪೇರಿಸಿದರೆ ಬಂದೂಕಿನೆತ್ತರ ಎಲ್ಲಿ ಬಂತು?

ಈ ಕತೆ ಆ ಜನರನ್ನು ಪೆದ್ದರನ್ನಾಗಿ ಮಾಡುತ್ತದೆ, ನನಗೆ ಬೇಜಾರು ಅದಕ್ಕೇ. ಯುರೋಪಿನ ಟೋಪಿ ಮಾಡುವವರಿಗೆ ಬೇಕಾಗಿದ್ದದ್ದು ಬೀವರ್‌ನ ಒಳಗಿನ ಮೆತ್ತನೆಯ ತುಪ್ಪಳ ಮಾತ್ರ. ಮೇಲಿನ ಒರಟು ಕೂದಲು ಬೇಡ. ಅಲ್ಲಿನ ಜನ ಚರ್ಮಗಳನ್ನು ಹೊಲಿದು, ತುಪ್ಪಳ ಒಳಗೆ ಬರುವ ಹಾಗೆ ಮೈಮೇಲೆ ಹೊದ್ದುಕೊಳ್ಳುತ್ತಿದ್ದರು. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಮೈ ಜಿಡ್ಡು ಹತ್ತಿ, ತಿಕ್ಕಿ ತಿಕ್ಕಿ ಆ ಒರಟು ಕೂದಲೆಲ್ಲ ಉದುರಿಹೋಗುತ್ತಿತ್ತು. ಇಂಥ ಹಳೇ ಹೊದಿಕೆಗೇ ಒಳ್ಳೆ ಗಿರಾಕಿ! ಅದಕ್ಕೆ ಬದಲಾಗಿ ಸಿಗುತ್ತಿದ್ದದ್ದು ನೇರ ಬೆಂಕಿಯ ಮೇಲೆ ಇಡಬಹುದಾದ ತಾಮ್ರದ ಪಾತ್ರೆ. ಅದಕ್ಕೆ ಮುಂಚೆ ಎಷ್ಟೋ ಕಡೆ ಕಾದ ಕಲ್ಲುಗಳನ್ನು ತೊಗಟೆಯ ಪಾತ್ರೆಗೆ ಹಾಕಿ ನೀರು ಕುದಿಸಬೇಕಿತ್ತು. ಒಂದು ಚರ್ಮಕ್ಕೆ ಇಪ್ಪತ್ತು ಚಾಕು ಕೊಡುತ್ತಾರೆ, ಈ ಇಂಗ್ಲಿಷರಿಗೆ ಬುದ್ಧಿಯಿಲ್ಲ ಎಂದು ‘ಇನ್ನು’ (Innu) ಎಂಬ ಮೂಲನಿವಾಸಿ ಜನಾಂಗದ ಒಬ್ಬ ನಗುತ್ತಾ ಹೇಳಿದ್ದನ್ನು ಪಾದ್ರಿ ಪಾಲ್ ಲ ಜ್ಯೂನ್ 1634ರಲ್ಲೇ ಬರೆದಿಟ್ಟಿದ್ದಾರೆ.

ಚೌಕಾಸಿಯೂ ಜೋರಾಗಿತ್ತು. ಪಾತ್ರೆ ಭಾರವಾಯಿತು, ಬಂದೂಕು ಚಳಿಗೆ ಕೆಡುತ್ತದೆ, ಸಿಡಿಮದ್ದಿನ ಅಳತೆ ಕಡಿಮೆ ಎಂದು ಮುಖದ ಮೇಲೇ ಹೇಳುತ್ತಿದ್ದರು. ಇಂಗ್ಲಿಷರ ಹತ್ತಿರ ಸರಿಬರದಿದ್ದರೆ ಅವರ ಎದುರಾಳಿ ವ್ಯಾಪಾರಿಗಳಾದ ಫ್ರೆಂಚರ ಹತ್ತಿರ ಹೋಗುತ್ತಿದ್ದರು. ತನಡೆಲ್ತರ್ ಎಂಬ, ಡೆನೆ ಎನ್ನುವ ಮೂಲನಿವಾಸಿ ಜನಾಂಗದ ಹುಡುಗಿಯ ವಿಷಯ ಹೇಳದೆ ಇರಲಾರೆ. ಇನ್ನೊಂದು ಮೂಲನಿವಾಸಿ ಜನಾಂಗವಾದ ಕ್ರೀ ಜನರ ಸೆರೆಯಿಂದ ತಪ್ಪಿಸಿಕೊಂಡು 1714ರಲ್ಲಿ ಕಂಪನಿಯ ಯಾರ್ಕ್ ಕೋಟೆ ಸೇರಿದಳು. ಆಮೇಲೆ ಅದೇ ಕ್ರೀಗಳಿಗೂ ತನ್ನವರಿಗೂ ರಾಜಿ ಮಾಡಿಸಿದಳು. ಕೆಟ್ಟ ಚರ್ಮ ತಂದ ತನ್ನವನೊಬ್ಬನನ್ನು ಮೂಗು ಹಿಡಿದು ಹಿಂದಕ್ಕೆ ತಳ್ಳಿ ಬೈದಳಂತೆ. 1717ರಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು.

ಹಾಗಾದರೆ ಮೋಸ ಆಗಲೇ ಇಲ್ವಾ? ಆಯಿತು, ಭಾರೀ ಮೋಸ. ಆದರೆ ಅದು ಅಂಗಡಿಯ ಕಟ್ಟೆಯ ಮೇಲೆ ಆದದ್ದಕ್ಕಿಂತ ಜಾಸ್ತಿ ಲಂಡನ್ನಿನ ಕಾಗದಗಳಲ್ಲಿ ಆದದ್ದು. ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ನೆಲವನ್ನೆಲ್ಲ 1670ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಕಂಪನಿಗೆ ಬರೆದುಕೊಟ್ಟ. ಆ ನೆಲ ಅವನು ಕಂಡದ್ದೇ ಇಲ್ಲ. ಸುಮಾರು ಇನ್ನೂರು ವರ್ಷದ ಮೇಲೆ ಅದನ್ನೇ ಕಂಪನಿ ಕೆನಡಾಕ್ಕೆ 3 ಲಕ್ಷ ಪೌಂಡಿಗೆ ಮಾರಿತು. ಚರ್ಮ ಚರ್ಮಕ್ಕೂ ಚೌಕಾಸಿ ಮಾಡಿದ್ದ ಜನರನ್ನು ಈ ವ್ಯವಹಾರಕ್ಕೆ ಯಾರೂ ಕರೆಯಲಿಲ್ಲ. 1869ರ ಅಕ್ಟೋಬರ್ 11ರಂದು ಆ ನೆಲದಲ್ಲೇ ಇದ್ದ ರೆಡ್ ನದಿಯ ಹತ್ತಿರ ಸರ್ವೆಯವರು ಜಮೀನು ಅಳೆಯಲು ಬಂದಾಗ, ನಾಯಕ ಲೂಯಿ ರಿಯೆಲ್ ಜೊತೆಗಿದ್ದ ಮೇಟಿ (ಮೂಲನಿವಾಸಿಗಳು ಮತ್ತು ಯುರೋಪಿಯನ್ನರ ಬೆರಕೆಯಿಂದ ಹುಟ್ಟಿದ ಜನಾಂಗ) ಜನ ಅಳತೆಯ ಸರಪಳಿಯ ಮೇಲೆ ಕಾಲಿಟ್ಟು ನಿಂತುಬಿಟ್ಟರು.

– ಸಂ.