ಐನ್‌ಷ್ಟುರ್ಟ್ಸೆಂಡೆ ನಾಯ್‌ಬೌಟನ್ ಎಂಬ ಜರ್ಮನ್ ತಂಡದ 2020ರ ಆಲ್ಬಮ್ ಕೇಳಿದೆ. ‘ಮರಳಿ ಬಂದ ಆಲ್ಬಮ್’ ಇದು, ಆದರೆ ಹಳೆಯ ಕರ್ಕಶ ಕಾಣಲಿಲ್ಲ. ಇದು ಇನ್ನೂ ಇಂಡಸ್ಟ್ರಿಯಲ್ (ಯಂತ್ರ, ಲೋಹಗಳ ಸದ್ದಿನ ಸಂಗೀತ) ಆಗಿದೆಯೇ? ಇವರು ಮೆತ್ತಗಾಗಿಬಿಟ್ಟರೇ? (ಓದುಗರೊಬ್ಬರ ಪ್ರಶ್ನೆ)

ಇಲ್ಲ. ಸದ್ದು ಇಳಿದಿದೆ, ಅಷ್ಟೇ. ‘ಕೊಲಾಪ್ಸ್’ ಕೇಳಿದ ಬೆನ್ನಿಗೇ ‘ಆಲೆಸ್ ಇನ್ ಆಲೆಮ್’ ಹಾಕಿದೆ ಎಂದು ಬರೆದಿದ್ದೀರಿ. ಒಂದು 1981ರದು, ಇನ್ನೊಂದು 2020ರದು. ಮೂವತ್ತೊಂಬತ್ತು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಲು ಹೋದರೆ ಯಾರಿಗಾದರೂ ಕಾಲು ಉಳುಕುತ್ತದೆ.

ಆ ಗದ್ದಲ ಹುಟ್ಟಿದ್ದಾದರೂ ಹೇಗೆ? ಅರ್ಧ ಹಟದಿಂದ, ಅರ್ಧ ಬಡತನದಿಂದ. 1980ರ ಏಪ್ರಿಲ್ 1ರಂದು ಪಶ್ಚಿಮ ಬರ್ಲಿನ್ನಿನಲ್ಲಿ ಮೊದಲ ಕಾರ್ಯಕ್ರಮ. ಕೈಯಲ್ಲಿ ಕಾಸಿಲ್ಲದೆ ಎನ್. ಯು. ಉನ್‌ರೂ ತನ್ನ ಡ್ರಮ್‌ಗಳನ್ನು ಮಾರಿ, ಗುಜರಿ ಕಬ್ಬಿಣವನ್ನೇ ಜೋಡಿಸಿಕೊಂಡು ಬಾರಿಸತೊಡಗಿದ. ಅದೇ ವರ್ಷ ಹೆದ್ದಾರಿ ಸೇತುವೆಯ ಟೊಳ್ಳಿನೊಳಗೆ ತೂರಿಕೊಂಡು ಧ್ವನಿಮುದ್ರಣ ಮಾಡಿದರು. ತಂಡದ ಹೆಸರಿಗೆ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’ ಎಂದರ್ಥ. ಹೆಸರಿಟ್ಟು ಎರಡು ತಿಂಗಳೂ ಆಗಿರಲಿಲ್ಲ, ಬರ್ಲಿನ್ನಿನ ‘ಕೋಂಗ್ರೆಸ್‌ಹಾಲೆ’ ಎಂಬ ಸಮ್ಮೇಳನ ಭವನದ ಚಾವಣಿ ನಿಜವಾಗಿಯೇ ಕುಸಿದುಬಿತ್ತು! 1984ರಲ್ಲಿ ಲಂಡನ್ನಿನ ಐಸಿಎ ಸಭಾಂಗಣದಲ್ಲಿ ತಂಡದವರು ಯಂತ್ರ ಹಿಡಿದು ವೇದಿಕೆಯನ್ನೇ ಕೊರೆಯಲು ಹೊರಟಾಗ ಸಂಘಟಕರು ಕಾರ್ಯಕ್ರಮವನ್ನು ನಡುವೆಯೇ ನಿಲ್ಲಿಸಬೇಕಾಯಿತು. ನಾನು ಮೊದಲ ಸಲ ಮನೆಯಲ್ಲಿ ‘ಕೊಲಾಪ್ಸ್’ ಹಾಕಿದಾಗ ಅಮ್ಮ ಅಡುಗೆಮನೆಯಿಂದ, “ಪಕ್ಕದವರು ಇಷ್ಟು ಹೊತ್ತಿನಲ್ಲಿ ಕಿಟಕಿಯ ಗ್ರಿಲ್ ಕೊಯ್ಯಿಸುತ್ತಿದ್ದಾರಾ?” ಎಂದು ಕೇಳಿದ್ದರು. ವಿಮರ್ಶೆ ಎಂದರೆ ಅದು.

ತಿರುವು ಬಂದದ್ದು 2020ರಲ್ಲಿ ಅಲ್ಲ, ಬಹಳ ಹಿಂದೆಯೇ. ಲೋಹದ ಬಡಿತಕ್ಕೆ ಹೆಸರಾಗಿದ್ದ ಎಫ್. ಎಂ. ಐನ್‌ಹೈಟ್ ತೊಂಬತ್ತರ ದಶಕದ ನಡುವೆ ತಂಡ ಬಿಟ್ಟ. 2000ದಲ್ಲಿ ಬಂದ ಆಲ್ಬಮ್ಮಿನ ಹೆಸರೇ ‘ಸೈಲೆನ್ಸ್ ಈಸ್ ಸೆಕ್ಸಿ’. ಅದರಲ್ಲಿ ತಂಡದ ಗಾಯಕ ಬ್ಲಿಕ್ಸಾ ಬಾರ್ಗೆಲ್ಡ್ ಸಿಗರೇಟಿನ ದಮ್ಮು ಎಳೆಯುವ ಸದ್ದನ್ನೂ ವಾದ್ಯದಂತೆ ಕೇಳಿಸುತ್ತಾನೆ. 2002ರ ಹೊತ್ತಿಗೆ ಕಂಪನಿಗಳ ಹಂಗು ಬೇಡವೆಂದು ಅಭಿಮಾನಿಗಳಿಂದಲೇ ಮುಂಗಡ ಹಣ ಪಡೆದು ಆಲ್ಬಮ್ ಮಾಡಲು ಶುರುಮಾಡಿದ್ದರು. ಆಗ ಇದಕ್ಕೆ ಕ್ರೌಡ್‌ಫಂಡಿಂಗ್ ಎಂಬ ಹೆಸರು ಬಳಕೆಗೇ ಬಂದಿರಲಿಲ್ಲ.

‘ಮರಳಿ ಬಂದ ಆಲ್ಬಮ್’ ಎಂಬ ನಿಮ್ಮ ಮಾತಿಗೆ ನನ್ನದು ಅರ್ಧ ಒಪ್ಪಿಗೆ. 2007ರ ‘ಆಲೆಸ್ ವೀಡರ್ ಓಫನ್’ ನಂತರ ಹನ್ನೆರಡೂವರೆ ವರ್ಷ ಮಾಮೂಲಿ ಸ್ಟುಡಿಯೋ ಆಲ್ಬಮ್ ಬರಲಿಲ್ಲ, ನಿಜ. ಆದರೆ ನಡುವೆ, 2014ರಲ್ಲಿ, ‘ಲಾಮೆಂಟ್’ ಇದೆ. ಮೊದಲ ಮಹಾಯುದ್ಧದ ನೂರನೆಯ ವರ್ಷಕ್ಕೆ ಬೆಲ್ಜಿಯಂನ ಡಿಕ್ಸ್‌ಮೌಡೆ ಪಟ್ಟಣ ಮಾಡಿಸಿದ ಕೃತಿ. ಅದರಲ್ಲಿ ಯುದ್ಧದ ಇಡೀ ಲೆಕ್ಕವನ್ನು ಪ್ಲಾಸ್ಟಿಕ್ ಪೈಪುಗಳ ಮೇಲೆ ನುಡಿಸುತ್ತಾರೆ. ಒಂದೊಂದು ಪೈಪು ಒಂದೊಂದು ದೇಶ, ಒಂದೊಂದು ಪೆಟ್ಟು ಯುದ್ಧದ ಒಂದೊಂದು ದಿನ. ಒಂದು ದೇಶ ಯುದ್ಧಕ್ಕೆ ಇಳಿದಾಗ ಅದರ ಪೈಪು ಸೇರಿಕೊಳ್ಳುತ್ತದೆ. ಹದಿಮೂರು ನಿಮಿಷ ಹೀಗೇ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಇನ್ನು ‘ಆಲೆಸ್ ಇನ್ ಆಲೆಮ್’. ಹತ್ತು ಹಾಡುಗಳು, ಅವುಗಳಲ್ಲಿ ಬಹಳಷ್ಟು ಬರ್ಲಿನ್ನಿನ ಜಾಗಗಳ ಸುತ್ತ. ಕ್ರಾಂತಿಕಾರಿ ನಾಯಕಿ ರೋಸಾ ಲಕ್ಸೆಂಬರ್ಗ್ ಅವರನ್ನು 1919ರಲ್ಲಿ ಕೊಂದು ಎಸೆದ ಲಾಂಡ್‌ವೆಯರ್ ಕಾಲುವೆ ಇದೆ, ಮುಚ್ಚಿಹೋದ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಹೆಸರಿದೆ. ನೀವು ಹುಡುಕುತ್ತಿರುವ ಹಳೆಯ ಕರ್ಕಶ ನಾಲ್ಕನೆಯ ಹಾಡಿನಲ್ಲಿ ಹಾಗೆಯೇ ಕುಳಿತಿದೆ. ಅದನ್ನು ದಾಟಿ ಐದನೆಯದಕ್ಕೆ, ‘ತಾಷೆನ್’ಗೆ, ಬನ್ನಿ. ತಾಷೆನ್ ಎಂದರೆ ಚೀಲಗಳು. ಇಲ್ಲಿ ತಾಳವಾದ್ಯವೂ ಚೀಲವೇ: ಊರಿಗೆ ಹೋಗುವಾಗ ನಾವು ಬಸ್ಸಿಗೆ ಹೇರುತ್ತೇವಲ್ಲ, ಆ ಅಗ್ಗದ ಪ್ಲಾಸ್ಟಿಕ್ ಚೌಕಳಿ ಚೀಲ, ಒಳಗೆ ಹಳೆಬಟ್ಟೆ ತುರುಕಿದ್ದು. ಅದರ ಮೇಲೆ ಬಿದ್ದ ಪೆಟ್ಟಿಗೆ ಗಣಗಣ ಇಲ್ಲ, ಉಸಿರು ಬಿಗಿಹಿಡಿದಂಥ ಒಂದು ‘ಧಪ್’ ಮಾತ್ರ. ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುವವರ ನೆನಪು ನನಗೆ ಪ್ರತಿ ಸಲವೂ ಬರುತ್ತದೆ. ಕಬ್ಬಿಣದ ತಗಡಿನಿಂದ ಇದನ್ನು ಹೇಳಲು ಆಗುತ್ತಿರಲಿಲ್ಲ. ಗುಜರಿಯವನ ಕಣ್ಣು ಅದೇ, ಆರಿಸಿದ ಸಾಮಾನು ಬೇರೆ. ಹಾಗಾಗಿ ನನ್ನ ಮಟ್ಟಿಗೆ ಇದು ಇಂಡಸ್ಟ್ರಿಯಲ್ಲೇ.

ದೂರುಗಳು ನನಗೂ ಇವೆ. ಕೊನೆಯ ಭಾಗ ಎಳೆಯುತ್ತದೆ. ‘ವೆಡ್ಡಿಂಗ್’ ಎಂಬ ಬಡಾವಣೆಯ ಹೆಸರನ್ನು ಅಷ್ಟು ಸಲ ಜಪಿಸುವ ಅಗತ್ಯವಿತ್ತೇ ಎಂದು ಇಂದಿಗೂ ಗೊಣಗುತ್ತೇನೆ. ಬಾರ್ಗೆಲ್ಡ್‌ನ ಆ ಹಳೆಯ ಚೀತ್ಕಾರ, ಕೀಲಿಗೆ ಎಣ್ಣೆ ಕಾಣದ ಬಾಗಿಲು ತೆರೆದಂಥದ್ದು, ಇನ್ನೊಂದೆರಡು ಕಡೆ ಇದ್ದಿದ್ದರೆ ಚೆನ್ನಾಗಿತ್ತು.

ನೀವು ಹೀಗೆ ಮಾಡಿ: ‘ಹಾಲ್ಬರ್ ಮೆನ್ಷ್’ (1985), ‘ಸೈಲೆನ್ಸ್ ಈಸ್ ಸೆಕ್ಸಿ’, ‘ಲಾಮೆಂಟ್’, ಆಮೇಲೆ ಮತ್ತೆ ಇದು. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಆ ಚೀಲದ ಸದ್ದು ಅದರಲ್ಲಿ ಸತ್ತೇಹೋಗುತ್ತದೆ. ಇಷ್ಟವಾದರೆ 2024ರ ‘ರಾಂಪನ್’ ಇದೆ. 2022ರ ಪ್ರವಾಸದಲ್ಲಿ ವೇದಿಕೆಯ ಮೇಲೆ ಪೂರ್ವತಯಾರಿಯಿಲ್ಲದೆ ನುಡಿಸಿದ ತುಣುಕುಗಳಿಂದ ಕಟ್ಟಿದ್ದು. ಅದರಲ್ಲಿ ಇವರು ಮತ್ತೆ ಸ್ವಲ್ಪ ಒರಟಾಗಿದ್ದಾರೆ.